ಬಿರುಕಿನ ಲೆಕ್ಕ: ಬಣ್ಣದ ಚಿತ್ರಕ್ಕೆ ಬೆಲೆ ಕೊಡುವ ಮುನ್ನ

ಯಂತ್ರಭಾಗಗಳನ್ನು ತಯಾರಿಸುವ ನಮ್ಮ ಸಣ್ಣ ಉದ್ದಿಮೆಗಳ ಮುಂದೆ ಇತ್ತೀಚಿನ ವರ್ಷಗಳಲ್ಲಿ ಹೊಸದೊಂದು ಬೇಡಿಕೆ ಬಂದು ನಿಂತಿದೆ. ಹಿಂದೆ ಖರೀದಿದಾರರು ದರಪಟ್ಟಿ, ಮಾದರಿ ತುಂಡು ಹಾಗೂ ವಸ್ತುವಿನ ಪರೀಕ್ಷಾ ಪ್ರಮಾಣಪತ್ರ ಇವಿಷ್ಟನ್ನು ನೋಡಿ ಆದೇಶ ನೀಡುತ್ತಿದ್ದರು. ಈಗ ಹಲವು ದೊಡ್ಡ ಖರೀದಿದಾರರು, ಅದರಲ್ಲೂ ರಫ್ತು ವ್ಯವಹಾರದವರು, ಇವುಗಳ ಜೊತೆಗೆ ಗಣಕಯಂತ್ರದಲ್ಲಿ ಮಾಡಿದ ಬಲಪರೀಕ್ಷೆಯ ವರದಿಯನ್ನೂ ಕೇಳುತ್ತಾರೆ. ಎರಕದಲ್ಲಿ ಒಂದು ಸಣ್ಣ ಗುಳಿ ಕಂಡರೆ, ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೆ, ಅದು ಬೆಳೆಯುವುದೇ, ಬೆಳೆದರೆ ಎಷ್ಟು ಕಾಲದಲ್ಲಿ ಭಾಗ ಮುರಿಯುವುದು ಎಂಬುದನ್ನು ಲೆಕ್ಕ ಹಾಕಿ ತೋರಿಸಿರೆನ್ನುತ್ತಾರೆ. ಉದ್ಯಮಿಯು ಸಲಹೆಗಾರರೊಬ್ಬರನ್ನು ಹುಡುಕಿ, ಶುಲ್ಕ ಕಟ್ಟಿ, ಕೆಂಪು, ಹಳದಿ, ನೀಲಿ ಬಣ್ಣಗಳ ಚಿತ್ರಗಳಿರುವ ವರದಿಯೊಂದನ್ನು ಪಡೆದು ಖರೀದಿದಾರರಿಗೆ ಒಪ್ಪಿಸುತ್ತಾನೆ. ವರದಿಯಲ್ಲಿ ಏನಿದೆಯೆಂದು ಅವನಿಗೆ ತಿಳಿದಿರುವುದಿಲ್ಲ. ಬಹಳ ಸಲ ಖರೀದಿದಾರರ ಕಡೆಯವರೂ ಅದನ್ನು ಪೂರ್ತಿಯಾಗಿ ಓದಿರುವುದಿಲ್ಲ.

ಇದು ಆತಂಕದ ಸಂಗತಿ. ಕಬ್ಬಿಣದ ಗಟ್ಟಿಯನ್ನು ಕೊಳ್ಳುವಾಗ ನಾವು ತೂಕ ನೋಡುತ್ತೇವೆ, ದರ್ಜೆ ಕೇಳುತ್ತೇವೆ, ಸಂದೇಹ ಬಂದರೆ ಪ್ರಯೋಗಾಲಯಕ್ಕೆ ಕಳುಹಿಸುತ್ತೇವೆ. ಅದಕ್ಕಿಂತ ಹೆಚ್ಚಿನ ಹೊಣೆಗಾರಿಕೆಯನ್ನು ತರಬಲ್ಲ ಲೆಕ್ಕದ ವರದಿಯನ್ನು ಮಾತ್ರ ಮುಚ್ಚಿದ ಮೂಟೆಯಂತೆ ಕೊಂಡು ಮುಂದಕ್ಕೆ ಸಾಗಿಸುತ್ತೇವೆ. ವಿಶ್ಲೇಷಣಾ ವರದಿಯೂ ಒಂದು ಸರಕು, ಅದಕ್ಕೂ ದರ್ಜೆಯುಂಟು, ಅದನ್ನು ಪರೀಕ್ಷಿಸಿ ಕೊಳ್ಳುವ ವಿವೇಕವನ್ನು ಸಣ್ಣ ಉದ್ಯಮಿ ಬೆಳೆಸಿಕೊಳ್ಳಬೇಕು, ಅದಕ್ಕೆ ಬೇಕಾದ ವ್ಯವಸ್ಥೆಯನ್ನು ನಮ್ಮ ಸಂಸ್ಥೆಯು ಒದಗಿಸಬೇಕು ಎಂಬುದು ಈ ಲೇಖನದ ವಾದ.

ಬಿರುಕು ಬೇರೆಯೇ ಬಗೆಯ ವೈರಿ

ಇಂಜಿನಿಯರಿಂಗ್ ಲೆಕ್ಕಗಳು ಹೆಚ್ಚಾಗಿ ವಸ್ತುವು ಎಲ್ಲೆಡೆಯೂ ಅಖಂಡವಾಗಿದೆ ಎಂಬ ಗ್ರಹಿಕೆಯ ಮೇಲೆ ನಿಂತಿವೆ. ವಾಸ್ತವದಲ್ಲಿ ಯಾವ ಎರಕವೂ, ಯಾವ ಬೆಸುಗೆಯೂ ಪೂರ್ತಿ ಅಖಂಡವಲ್ಲ. ಬ್ಲೋ ಹೋಲ್, ಕುಗ್ಗುವಿಕೆಯ ಗುಳಿ, ಕೋಲ್ಡ್ ಶಟ್, ಬೆಸುಗೆ ಕೂಡದೆ ಉಳಿದ ಸಂದು ಇವೆಲ್ಲವೂ ವಸ್ತುವಿನ ಮುಂದುವರಿಕೆಯನ್ನು ಕಡಿದುಹಾಕುವ ತಾಣಗಳು. ಭಾಗದ ಮೇಲೆ ಭಾರ ಬಿದ್ದಾಗ ಒಳಗೆ ಹುಟ್ಟುವ ಸೆಳೆತವನ್ನು, ಅಂದರೆ ಇಂಜಿನಿಯರುಗಳು ಸ್ಟ್ರೆಸ್ ಎನ್ನುವ ಪೀಡನವನ್ನು, ಇಂತಹ ತಾಣಗಳು ಹಲವು ಪಟ್ಟು ಹೆಚ್ಚಿಸುತ್ತವೆ. ಅಗಲವಾದ ತಗಡಿನಲ್ಲಿರುವ ದುಂಡು ರಂಧ್ರದ ಅಂಚಿನಲ್ಲಿ ಪೀಡನವು ಸುಮಾರು ಮೂರು ಪಟ್ಟಾಗುತ್ತದೆ. ರಂಧ್ರವು ಎಳೆತಕ್ಕೆ ಅಡ್ಡಲಾಗಿ ಚಪ್ಪಟೆಯಾದಷ್ಟೂ ಅಪಾಯ ಹೆಚ್ಚು. 1913ರಲ್ಲಿ ಇಂಗ್ಲಿಸ್ ಎಂಬ ಬ್ರಿಟಿಷ್ ಇಂಜಿನಿಯರ್ ತೋರಿಸಿಕೊಟ್ಟ ಸೂತ್ರದಂತೆ, ಅಗಲದ ಹತ್ತು ಪಟ್ಟು ಉದ್ದವಿರುವ ಅಂಡಾಕಾರದ ರಂಧ್ರದ ತುದಿಯಲ್ಲಿ ಪೀಡನವು 21 ಪಟ್ಟಾಗುತ್ತದೆ. ಬಿರುಕೆಂದರೆ ಅಗಲವೇ ಇಲ್ಲದ ರಂಧ್ರ. ಆ ಸೂತ್ರವನ್ನು ಅದಕ್ಕೆ ಅನ್ವಯಿಸಿದರೆ ಉತ್ತರವು ಅನಂತ ಎಂದು ಬರುತ್ತದೆ.

ಹಾಗಾದರೆ ಬಿರುಕಿರುವ ಪ್ರತಿಯೊಂದು ವಸ್ತುವೂ ಕೂಡಲೇ ಮುರಿಯಬೇಕಲ್ಲವೇ? ಮುರಿಯುವುದಿಲ್ಲ. ಈ ಒಗಟನ್ನು ಗಾಜಿನ ಮೇಲೆ ಪ್ರಯೋಗ ನಡೆಸಿ ಬಿಡಿಸಿದವರು ಗ್ರಿಫಿತ್. 1921ರಲ್ಲಿ ಪ್ರಕಟವಾದ ಅವರ ಪ್ರಬಂಧವು ಪೀಡನದ ಬದಲು ಶಕ್ತಿಯ ಲೆಕ್ಕವನ್ನು ಮುಂದಿಟ್ಟಿತು. ಬಿರುಕು ಬೆಳೆದಾಗ ಬಿಡುಗಡೆಯಾಗುವ ಶಕ್ತಿಯು ಹೊಸ ಮೇಲ್ಮೈಯನ್ನು ಸೀಳಲು ಬೇಕಾದ ಶಕ್ತಿಗಿಂತ ಹೆಚ್ಚಾದಾಗ ಮಾತ್ರ ಬಿರುಕು ಓಡುತ್ತದೆ. ಇದರಿಂದ ವ್ಯಾಪಾರಿಗೂ ಅರ್ಥವಾಗುವ ಒಂದು ನಿಯಮ ದೊರೆಯುತ್ತದೆ: ಬಿರುಕಿನ ಉದ್ದ ನಾಲ್ಕು ಪಟ್ಟಾದರೆ ವಸ್ತುವು ತಡೆಯಬಲ್ಲ ಪೀಡನವು ಅರ್ಧಕ್ಕಿಳಿಯುತ್ತದೆ. 1957ರಲ್ಲಿ ಅಮೆರಿಕದ ಇರ್ವಿನ್ ಈ ವಿಚಾರವನ್ನು ಲೋಹಗಳಿಗೆ ಹೊಂದುವಂತೆ ಬೆಳೆಸಿ, ಬಿರುಕಿನ ತುದಿಯ ತೀವ್ರತೆಯನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ಕ್ರಮವನ್ನು ಬಳಕೆಗೆ ತಂದರು. ಸ್ಟ್ರೆಸ್ ಇಂಟೆನ್ಸಿಟಿ ಫ್ಯಾಕ್ಟರ್ ಎಂದು ಕರೆಯಲಾಗುವ ಈ ಸಂಖ್ಯೆಯನ್ನು ನಾವು ಇಲ್ಲಿ ತೀವ್ರತಾಂಕ ಎನ್ನೋಣ.

ಇದನ್ನು ಕಡೆಗಣಿಸಿದರೆ ಏನಾದೀತೆಂಬುದಕ್ಕೆ ಎರಡನೆಯ ಮಹಾಯುದ್ಧದ ಕಾಲದ ಹಡಗೊಂದು ಸಾಕ್ಷಿ. 1943ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ, ಸಮುದ್ರ ಪರೀಕ್ಷೆ ಮುಗಿಸಿ ಕಟ್ಟೆಗೆ ಬಂದು ನಿಂತಿದ್ದ ಶೆನೆಕ್ಟಡಿ ಎಂಬ ಹೊಸ ತೈಲವಾಹಕ ಹಡಗು ನಿಶ್ಚಲ ನೀರಿನಲ್ಲಿಯೇ ಭಾರಿ ಶಬ್ದದೊಡನೆ ನಡುಮುರಿಯಿತು. ಹಳೆಯ ಹಡಗುಗಳಲ್ಲಿ ತಗಡುಗಳನ್ನು ರಿವೆಟ್ ಹೊಡೆದು ಕೂಡಿಸುತ್ತಿದ್ದುದರಿಂದ ಒಂದು ತಗಡಿನ ಬಿರುಕು ಅದರ ಅಂಚಿನಲ್ಲಿ ನಿಲ್ಲುವ ಸಂಭವವಿತ್ತು. ಬೆಸೆದ ಹಡಗಿನಲ್ಲಿ ಬಿರುಕಿಗೆ ಅಂತಹ ತಡೆ ಇರಲಿಲ್ಲ. ಚಳಿಯಲ್ಲಿ ಪೆಡಸಾಗುವ ಉಕ್ಕು ಅದಕ್ಕೆ ಇನ್ನಷ್ಟು ಅನುಕೂಲ ಮಾಡಿಕೊಟ್ಟಿತು. ಹೆಚ್ಚು ವೇಗವಾಗಿ, ಕಡಿಮೆ ವೆಚ್ಚದಲ್ಲಿ ತಯಾರಿಸುವ ಹೊಸ ವಿಧಾನಕ್ಕೆ ಹೊರಳಿದಾಗ ಹಳೆಯ ಅನುಭವ ಮಾತ್ರ ಸಾಲದೆಂಬುದನ್ನು ಈ ಪ್ರಸಂಗ ತಿಳಿಸುತ್ತದೆ.

ಗಣಕಯಂತ್ರ ಎಡವುವ ಜಾಗ

ಇಂದಿನ ವಿಶ್ಲೇಷಣಾ ವರದಿಗಳಿಗೆಲ್ಲ ಆಧಾರವಾಗಿರುವುದು ಫೈನೈಟ್ ಎಲಿಮೆಂಟ್ ವಿಧಾನ. ವಿಮಾನ ಉದ್ಯಮದ ಅಗತ್ಯಗಳಿಂದ 1950ರ ದಶಕದಲ್ಲಿ ರೂಪುಗೊಂಡ ಈ ವಿಧಾನಕ್ಕೆ 1960ರಲ್ಲಿ ಆ ಹೆಸರನ್ನು ಕೊಟ್ಟವರು ಅಮೆರಿಕದ ಪ್ರಾಧ್ಯಾಪಕ ಕ್ಲಫ್. ವಿಧಾನದ ತಿರುಳು ಸರಳ. ಭಾಗದ ಆಕಾರವನ್ನು ಸಾವಿರಾರು ಚಿಕ್ಕ ಚಿಕ್ಕ ತುಣುಕುಗಳಾಗಿ ವಿಭಾಗಿಸಿ, ಪ್ರತಿ ತುಣುಕಿನ ಒಳಗೆ ಚಲನೆಯು ನಯವಾಗಿ ಬದಲಾಗುತ್ತದೆಂದು ಭಾವಿಸಿ, ಎಲ್ಲ ತುಣುಕುಗಳ ಸಮೀಕರಣಗಳನ್ನು ಒಟ್ಟಿಗೆ ಬಿಡಿಸುವುದು. ಈ ತುಣುಕುಗಳ ಹೆಣಿಗೆಯನ್ನು ಮೆಶ್ ಎನ್ನುತ್ತಾರೆ.

ತೊಡಕು ಇರುವುದು ‘ನಯವಾಗಿ’ ಎಂಬ ಮಾತಿನಲ್ಲಿ. ಬಿರುಕಿನ ಒಂದು ಬದಿ ಒಂದೆಡೆಗೆ, ಇನ್ನೊಂದು ಬದಿ ಮತ್ತೊಂದೆಡೆಗೆ ಸರಿಯುತ್ತದೆ; ನಡುವೆ ನಯವಾದ ಬದಲಾವಣೆ ಎಂಬುದೇ ಇಲ್ಲ. ತುದಿಯಲ್ಲಂತೂ ಸೂತ್ರದಂತೆ ಪೀಡನಕ್ಕೆ ಮಿತಿಯಿಲ್ಲ. ಆದುದರಿಂದ ಬಿರುಕಿನ ತುದಿಯ ಬಳಿ ಮೆಶ್ ಅನ್ನು ಸಣ್ಣದು ಮಾಡಿದಷ್ಟೂ ವರದಿಯ ಗರಿಷ್ಠ ಪೀಡನ ಏರುತ್ತಲೇ ಹೋಗುತ್ತದೆ. ತುಣುಕಿನ ಗಾತ್ರವನ್ನು ಅರ್ಧಕ್ಕಿಳಿಸಿದರೆ ಅದು ಸುಮಾರು 1.4 ಪಟ್ಟು, ಕಾಲುಭಾಗಕ್ಕಿಳಿಸಿದರೆ ಸುಮಾರು ಎರಡು ಪಟ್ಟು ಆಗುತ್ತದೆ. ಇದರ ಅರ್ಥವನ್ನು ಉದ್ಯಮಿಗಳು ಚೆನ್ನಾಗಿ ಗ್ರಹಿಸಬೇಕು. ಒಂದೇ ಭಾಗ, ಒಂದೇ ಭಾರ, ಒಂದೇ ಬಿರುಕು. ಒಬ್ಬ ಸಲಹೆಗಾರ ಒರಟು ಮೆಶ್ ಹಾಕಿ ‘ಸುರಕ್ಷಿತ’ ಎನ್ನಬಹುದು, ಇನ್ನೊಬ್ಬ ಸೂಕ್ಷ್ಮ ಮೆಶ್ ಹಾಕಿ ‘ಅಪಾಯ’ ಎನ್ನಬಹುದು. ಇಬ್ಬರ ಸಂಖ್ಯೆಯೂ ಬಿರುಕಿನ ಬಗ್ಗೆ ಏನನ್ನೂ ಹೇಳುವುದಿಲ್ಲ, ಅವರವರ ಮೆಶ್ ಬಗ್ಗೆ ಮಾತ್ರ ಹೇಳುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬಂತೆ, ಕೆಂಪಗಿರುವುದೆಲ್ಲ ಅಪಾಯವೂ ಅಲ್ಲ, ನೀಲಿಯಾಗಿರುವುದೆಲ್ಲ ಕ್ಷೇಮವೂ ಅಲ್ಲ.

ತುದಿಯ ಗರಿಷ್ಠ ಪೀಡನದ ಬದಲು ತೀವ್ರತಾಂಕವನ್ನು ಲೆಕ್ಕ ಹಾಕಿದರೆ ಈ ಗೊಂದಲ ಬಗೆಹರಿಯುತ್ತದೆ. ಸರಿಯಾಗಿ ಮಾಡಿದ ಲೆಕ್ಕದಲ್ಲಿ ಮೆಶ್ ಸೂಕ್ಷ್ಮವಾದಂತೆ ತೀವ್ರತಾಂಕವು ಒಂದು ಬೆಲೆಗೆ ಬಂದು ನೆಲೆಸುತ್ತದೆ. ಹೀಗೆ ನೆಲೆಸಿದ ಸಂಖ್ಯೆಗೆ ಮಾತ್ರ ಬೆಲೆ ಕೊಡಬೇಕು.

ಪರಿಹಾರಗಳು: ಅಗ್ಗದ್ದೂ ಉಂಟು, ದುಬಾರಿಯದೂ ಉಂಟು

ವಿಜ್ಞಾನಿಗಳು ಈ ತೊಡಕಿಗೆ ಹಲವು ಪರಿಹಾರಗಳನ್ನು ಕಂಡುಹಿಡಿದಿದ್ದಾರೆ. ಅವುಗಳ ಸ್ಥೂಲ ಪರಿಚಯವಿದ್ದರೆ ಸಲಹೆಗಾರರೊಡನೆ ಮಾತಾಡುವುದು ಸುಲಭವಾದೀತು.

ಮೊದಲನೆಯದು 1970ರ ದಶಕದ ನಡುವೆ ಬೆಳಕಿಗೆ ಬಂದ ಒಂದು ಜಾಣ್ಮೆಯ ಉಪಾಯ. ಬಿರುಕಿನ ತುದಿಯನ್ನು ಸುತ್ತುವರಿದ ತುಣುಕುಗಳ ಅಂಚಿನ ನಡುಬಿಂದುವನ್ನು ತುದಿಯ ಕಡೆಗೆ, ಕಾಲುಭಾಗದ ದೂರಕ್ಕೆ, ಸರಿಸಿಬಿಡುವುದು. ಇಷ್ಟರಿಂದಲೇ ಸಾಮಾನ್ಯ ತುಣುಕು ಬಿರುಕಿನ ತುದಿಯ ವರ್ತನೆಯನ್ನು ಸರಿಯಾಗಿ ಅನುಕರಿಸುತ್ತದೆ. ಇದಕ್ಕೆ ವಿಶೇಷ ತಂತ್ರಾಂಶವಾಗಲಿ ಹೆಚ್ಚಿನ ಶುಲ್ಕವಾಗಲಿ ಬೇಕಿಲ್ಲ. ಭಾಗದಲ್ಲಿ ಕಂಡ ಒಂದು ನಿಶ್ಚಿತ ಬಿರುಕು ಈಗಿನ ಭಾರಕ್ಕೆ ಓಡುವುದೇ ಇಲ್ಲವೇ ಎಂಬಷ್ಟೇ ಪ್ರಶ್ನೆಯಾದರೆ ಬಹಳ ಸಲ ಈ ಉಪಾಯವೇ ಸಾಕು.

ಬಿರುಕು ಬೆಳೆಯುವ ದಾರಿಯನ್ನು ಹಿಂಬಾಲಿಸಬೇಕಾದಾಗ ಕಷ್ಟ ಹೆಚ್ಚುತ್ತದೆ. ಹಳೆಯ ಕ್ರಮದಲ್ಲಿ ತುಣುಕುಗಳ ಅಂಚು ಬಿರುಕಿನ ಗೆರೆಯ ಮೇಲೆಯೇ ಇರಬೇಕು. ಬಿರುಕು ಒಂದು ಹೆಜ್ಜೆ ಮುಂದಿಟ್ಟಾಗಲೆಲ್ಲ ಮೆಶ್ ಅನ್ನು ಬಿಚ್ಚಿ ಮತ್ತೆ ಹೆಣೆಯಬೇಕು. 1999ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಟೆಡ್ ಬೆಲಿಟ್ಷ್ಕೊ ಮತ್ತು ಸಂಗಡಿಗರು ಇದಕ್ಕೊಂದು ಬದಲಿ ಮಾರ್ಗವನ್ನು ತೋರಿಸಿದರು. ಮೆಶ್ ಇದ್ದಂತೆಯೇ ಇರಲಿ, ಬಿರುಕು ತುಣುಕುಗಳ ನಡುವೆಯೇ ಹಾದುಹೋಗಲಿ. ಹಾಗೆ ಕತ್ತರಿಸಿಹೋದ ತುಣುಕಿನ ಸಮೀಕರಣಕ್ಕೆ ಎರಡು ಬದಿಗಳ ನಡುವಿನ ಜಿಗಿತವನ್ನು ಹೇಳುವ ಪದವೊಂದನ್ನೂ, ತುದಿಯಿರುವ ತುಣುಕಿಗೆ ಸಿದ್ಧಾಂತದಿಂದ ತಿಳಿದಿರುವ ತುದಿಯ ವರ್ತನೆಯನ್ನೂ ಸೇರಿಸಿದರಾಯಿತು ಎಂಬುದು ಅವರ ಯುಕ್ತಿ. ಇದೇ ವಿಸ್ತೃತ ಫೈನೈಟ್ ಎಲಿಮೆಂಟ್ ವಿಧಾನ, ಸಂಕ್ಷೇಪದಲ್ಲಿ ಎಕ್ಸ್‌ಫೆಮ್. 2009ರಲ್ಲಿ ಅಬಾಕಸ್ ಎಂಬ ಪ್ರಸಿದ್ಧ ತಂತ್ರಾಂಶದ 6.9ನೆಯ ಆವೃತ್ತಿಯಲ್ಲಿ ಈ ಸೌಲಭ್ಯ ಸೇರಿದ ಮೇಲೆ ವಿಧಾನವು ಸಂಶೋಧಕರ ಕೈಯಿಂದ ಉದ್ಯಮದ ಕೈಗೂ ಬಂದಿತು.

ಅಂಟಿಸಿದ ಪದರಗಳು ಬಿಟ್ಟುಕೊಳ್ಳುವಂತಹ ಸಂದರ್ಭಗಳಿಗೆ, ಬೇರ್ಪಡುವ ಎರಡು ಮೇಲ್ಮೈಗಳ ನಡುವೆ ಕ್ರಮೇಣ ಸಡಿಲವಾಗುವ ಹಿಡಿತವನ್ನು ಕಲ್ಪಿಸುವ ಕೊಹೆಸಿವ್ ವಿಧಾನವಿದೆ. ಬಿರುಕು ಕವಲೊಡೆಯುವ, ಹಲವು ಬಿರುಕುಗಳು ಕೂಡುವ ಸಂದರ್ಭಗಳಲ್ಲಿ ಎಕ್ಸ್‌ಫೆಮ್ ತೊಡಕಾಗುತ್ತದೆ. ಅಲ್ಲಿಗೆ ಬಿರುಕನ್ನು ಚೂಪಾದ ಗೆರೆಯಾಗಿ ಕಾಣದೆ ಕಿರಿದಾದ ಹಾನಿಯ ಪಟ್ಟಿಯಾಗಿ ಕಾಣುವ ಫೇಸ್ ಫೀಲ್ಡ್ ವಿಧಾನವನ್ನು ಬಳಸುತ್ತಾರೆ. ಇದಕ್ಕೆ ಬಹಳ ಸೂಕ್ಷ್ಮ ಮೆಶ್ ಬೇಕಾಗುವುದರಿಂದ ಗಣಕಯಂತ್ರದ ಸಮಯವೂ ವೆಚ್ಚವೂ ಹೆಚ್ಚು.

ಎಲ್ಲಕ್ಕೂ ಸಲ್ಲುವ ಒಂದೇ ವಿಧಾನವೆಂಬುದಿಲ್ಲ. ನಿಂತ ಬಿರುಕಿಗೆ ದುಬಾರಿ ವಿಧಾನದ ಶುಲ್ಕ ತೆರುವುದು ದುಂದು. ಓಡುವ ಬಿರುಕಿಗೆ ನಿಂತ ಬಿರುಕಿನ ಲೆಕ್ಕ ಕೊಡುವುದು ಮೋಸ.

ವರದಿ ನಂಬಿ ಮುಳುಗಿದವರು

ಲೆಕ್ಕದ ತಪ್ಪು ದೊಡ್ಡವರಿಗೂ ತಪ್ಪಿದ್ದಲ್ಲ. ನಾರ್ವೆಯ ತೈಲ ಉದ್ಯಮಕ್ಕಾಗಿ ಕಟ್ಟುತ್ತಿದ್ದ ಸ್ಲೈಪ್ನರ್ ಎ ಎಂಬ ಸಮುದ್ರ ವೇದಿಕೆಯ ಕಾಂಕ್ರೀಟ್ ತಳವು 1991ರ ಆಗಸ್ಟ್ 23ರಂದು, ಸ್ಟಾವಂಗರ್ ಬಳಿಯ ಕಡಲ ಚಾಚಿನಲ್ಲಿ ಮುಳುಗಿಸಿ ಪರೀಕ್ಷಿಸುವಾಗ, ಗೋಡೆ ಸೀಳಿ ತಳ ಸೇರಿತು. ಪ್ರಾಣಹಾನಿಯಾಗಲಿಲ್ಲ, ಆದರೆ ಒಟ್ಟು ಆರ್ಥಿಕ ನಷ್ಟವನ್ನು ಸುಮಾರು 70 ಕೋಟಿ ಡಾಲರ್ ಎಂದು ಅಂದಾಜಿಸಲಾಯಿತು. ತನಿಖೆಯಲ್ಲಿ ಕಂಡುಬಂದದ್ದು ಎರಡು ಸಂಗತಿ. ಕೋಶಗಳ ಗೋಡೆಗಳು ಕೂಡುವ ಜಾಗದಲ್ಲಿ ಮೆಶ್ ಒರಟಾಗಿದ್ದುದರಿಂದ ಅಲ್ಲಿನ ಕತ್ತರಿಸುವ ಬಲವನ್ನು ಶೇಕಡ 47ರಷ್ಟು ಕಡಿಮೆ ಅಂದಾಜಿಸಲಾಗಿತ್ತು. ಅದೇ ಜಾಗದಲ್ಲಿ ಉಕ್ಕಿನ ಸರಳುಗಳ ಬಿಗಿತವೂ ಸಾಲದಾಗಿತ್ತು. ಆನಂತರ ಎಚ್ಚರದಿಂದ ಮಾಡಿದ ಲೆಕ್ಕವು 62 ಮೀಟರ್ ಆಳದಲ್ಲಿ ಗೋಡೆ ಒಡೆಯಬೇಕೆಂದು ಹೇಳಿತು. ನಿಜವಾಗಿ ಒಡೆದದ್ದು 65 ಮೀಟರ್ ಆಳದಲ್ಲಿ. ವಿಧಾನ ಸುಳ್ಳಾಗಿರಲಿಲ್ಲ, ಅದನ್ನು ಬಳಸಿದ ರೀತಿ ತಪ್ಪಾಗಿತ್ತು. ಗಣಕಯಂತ್ರದ ವರದಿಯನ್ನು ಕುರುಡಾಗಿ ನಂಬುವವರಿಗೂ, ಪೂರ್ತಿಯಾಗಿ ತಳ್ಳಿಹಾಕುವವರಿಗೂ ಇದೊಂದು ಉತ್ತರ.

ಪ್ರಯೋಗಾಲಯದ ಪರೀಕ್ಷೆಯೂ ದಾರಿ ತಪ್ಪಿಸಬಹುದು ಎಂಬುದಕ್ಕೆ ಬ್ರಿಟನ್ನಿನ ಕಾಮೆಟ್ ಜೆಟ್ ವಿಮಾನಗಳ ಕತೆ ನಿದರ್ಶನ. 1954ರ ಜನವರಿ ಹಾಗೂ ಏಪ್ರಿಲ್ ತಿಂಗಳುಗಳಲ್ಲಿ ಎರಡು ಕಾಮೆಟ್ ವಿಮಾನಗಳು ಆಕಾಶದಲ್ಲಿಯೇ ಒಡೆದು ಮೆಡಿಟರೇನಿಯನ್ ಸಮುದ್ರಕ್ಕೆ ಬಿದ್ದವು. ತಯಾರಕರು ಮೊದಲೇ ಮಾಡಿದ್ದ ಪರೀಕ್ಷೆಯಲ್ಲಿ ವಿಮಾನದ ಮೈ ಬಹಳ ಹೆಚ್ಚು ಬಾಳಿಕೆ ತೋರಿಸಿತ್ತು. ಆದರೆ ಆ ಪರೀಕ್ಷಾ ಮಾದರಿಯನ್ನು ಅದಕ್ಕೂ ಮುನ್ನ ಹೆಚ್ಚಿನ ಒತ್ತಡಕ್ಕೆ ಗುರಿಪಡಿಸಲಾಗಿತ್ತು. ಅದರಿಂದ ಅಪಾಯದ ಮೂಲೆಗಳು ಒಂದು ಬಗೆಯಲ್ಲಿ ಗಟ್ಟಿಗೊಂಡಿದ್ದವು. ಬಳಕೆಯಲ್ಲಿದ್ದ ವಿಮಾನವೊಂದನ್ನೇ ಫಾರ್ನ್‌ಬರೊದಲ್ಲಿ ನೀರಿನ ತೊಟ್ಟಿಯಲ್ಲಿಟ್ಟು ಒತ್ತಡ ಏರಿಸಿ ಇಳಿಸಿ ಪರೀಕ್ಷಿಸಿದಾಗ, ಹಾರಾಟ ಮತ್ತು ಪರೀಕ್ಷೆ ಸೇರಿ 3,057 ಆವರ್ತನಗಳಿಗೆ ಅದರ ಮೈ ಸೀಳಿತು. ಪರೀಕ್ಷೆಗೆ ಕಳುಹಿಸುವ ತುಂಡು ಮಾರಾಟಕ್ಕೆ ಹೋಗುವ ಸರಕಿನಂತೆಯೇ ತಯಾರಾದುದಾಗಿರಬೇಕೆಂಬ ಪಾಠವನ್ನು ಇದಕ್ಕಿಂತ ಹೆಚ್ಚು ಬೆಲೆ ತೆತ್ತು ಕಲಿತವರು ವಿರಳ.

ಬಿತ್ತಿದಂತೆ ಬೆಳೆ

ಮೆಶ್ ಸರಿಯಿದ್ದರೂ, ವಿಧಾನ ಸರಿಯಿದ್ದರೂ, ವಸ್ತುವಿನ ಗುಣಾಂಕಗಳು ತಪ್ಪಾಗಿದ್ದರೆ ಉತ್ತರ ತಪ್ಪೇ. ನಮ್ಮ ಉದ್ದಿಮೆಗಳ ದೊಡ್ಡ ಕೊರತೆ ಇರುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ಬೂದು ಎರಕದ ಕಬ್ಬಿಣಕ್ಕೆ ಐಎಸ್ 210 ಎಂಬ ಭಾರತೀಯ ಮಾನಕವಿದೆ. ಅದರಲ್ಲಿ ಎಫ್‌ಜಿ 260 ಎಂದರೆ ಪ್ರತ್ಯೇಕವಾಗಿ ಎರೆದ ಪರೀಕ್ಷಾ ಸರಳು ಪ್ರತಿ ಚದರ ಮಿಲಿಮೀಟರಿಗೆ ಕನಿಷ್ಠ 260 ನ್ಯೂಟನ್ ಎಳೆತವನ್ನು ತಡೆಯಬೇಕು. ಇದು ಎಳೆತದ ಬಲವನ್ನು ಹೇಳುತ್ತದೆಯೇ ಹೊರತು ಬಿರುಕನ್ನು ತಡೆಯುವ ಗುಣವನ್ನು, ಅಂದರೆ ಫ್ರ್ಯಾಕ್ಚರ್ ಟಫ್‌ನೆಸ್ ಅನ್ನು, ಹೇಳುವುದಿಲ್ಲ. ದಪ್ಪ ಗೋಡೆಯ ಎರಕದ ನಡುವಿನಲ್ಲಿ ಲೋಹವು ನಿಧಾನವಾಗಿ ಆರುವುದರಿಂದ ಅಲ್ಲಿನ ಗುಣ ಪರೀಕ್ಷಾ ಸರಳಿನ ಗುಣದಂತೆ ಇರುವುದೂ ಇಲ್ಲ. ಬಿರುಕು ತಡೆಯುವ ಗುಣಕ್ಕೂ, ಬಿರುಕು ಬೆಳೆಯುವ ವೇಗಕ್ಕೂ ಪ್ರತ್ಯೇಕ ಪರೀಕ್ಷೆಗಳಿವೆ; ಎಎಸ್‌ಟಿಎಂ ಇ 399 ಮತ್ತು ಇ 647 ಎಂಬವು ಅವುಗಳಲ್ಲಿ ಹೆಸರಾದ ಮಾನಕಗಳು. ಇಂತಹ ಪರೀಕ್ಷೆ ನಡೆಸದೆ ಯಾವುದೋ ಕೈಪಿಡಿಯಿಂದ ಪರದೇಶದ ಲೋಹದ ಸಂಖ್ಯೆಯನ್ನು ಎತ್ತಿ ನಮ್ಮ ಎರಕಕ್ಕೆ ಹಾಕಿದ ವರದಿಯು ಪರರ ಜಾತಕ ನೋಡಿ ನಮ್ಮ ಭವಿಷ್ಯ ಹೇಳಿದಂತೆ.

ತಪ್ಪಿನ ಬೆಲೆ ಎಷ್ಟೆಂಬುದನ್ನು ಒಂದು ಲೆಕ್ಕದಿಂದ ನೋಡೋಣ. ಮೇಲಿಂದ ಮೇಲೆ ಬೀಳುವ ಭಾರದಿಂದ ಲೋಹವು ದಣಿದು ಬಿರುಕು ಬೆಳೆಯುವ ವೇಗವು, 1960ರ ದಶಕದ ಆರಂಭದಲ್ಲಿ ಪ್ಯಾರಿಸ್ ಎಂಬ ಇಂಜಿನಿಯರ್ ಮತ್ತು ಸಂಗಡಿಗರು ಕಂಡುಕೊಂಡ ನಿಯಮದಂತೆ, ತೀವ್ರತಾಂಕದ ಏರಿಳಿತದ ಒಂದು ಘಾತವನ್ನು ಅನುಸರಿಸುತ್ತದೆ. ಅನೇಕ ಬಗೆಯ ಉಕ್ಕುಗಳಿಗೆ ಈ ಘಾತ ಸುಮಾರು 3. ಅಂದರೆ ತೀವ್ರತಾಂಕದಲ್ಲಿ ಶೇಕಡ 10ರಷ್ಟು ತಪ್ಪಾದರೆ ಬಿರುಕಿನ ವೇಗದಲ್ಲಿ ಶೇಕಡ 33ರಷ್ಟು ತಪ್ಪು; ಎರಡು ಪಟ್ಟಿನ ತಪ್ಪಾದರೆ ಎಂಟು ಪಟ್ಟಿನ ತಪ್ಪು. ಎಂಟು ವರ್ಷ ಬಾಳುತ್ತದೆಂದು ಬರೆದುಕೊಟ್ಟ ಭಾಗ ಒಂದೇ ವರ್ಷಕ್ಕೆ ಹಿಂತಿರುಗಿ ಬರಬಹುದು.

ವರದಿ ಕೈಸೇರಿದಾಗ ಕೇಳಬೇಕಾದ ಪ್ರಶ್ನೆಗಳು

ಗಣಿತ ತಿಳಿಯದ ಉದ್ಯಮಿಯೂ ಸಲಹೆಗಾರರನ್ನು ಈ ಆರು ಪ್ರಶ್ನೆಗಳನ್ನು ಕೇಳಬಹುದು; ಆದೇಶಪತ್ರದಲ್ಲಿಯೇ ಇವನ್ನು ಷರತ್ತಾಗಿ ಬರೆಯುವುದು ಇನ್ನೂ ಒಳಿತು.

1. ಲೆಕ್ಕದಲ್ಲಿ ಬಿರುಕು ಅಥವಾ ಗುಳಿಯನ್ನು ಸೇರಿಸಲಾಗಿದೆಯೇ, ಇಲ್ಲವೇ ಭಾಗವನ್ನು ಅಖಂಡವೆಂದು ಭಾವಿಸಲಾಗಿದೆಯೇ? ಸೇರಿಸಿದ್ದರೆ ಅದರ ಗಾತ್ರವನ್ನು ಯಾವ ತಪಾಸಣೆಯ ಆಧಾರದಿಂದ ನಿರ್ಧರಿಸಲಾಯಿತು?

2. ಕನಿಷ್ಠ ಮೂರು ಬೇರೆ ಬೇರೆ ಮೆಶ್‌ಗಳಲ್ಲಿ ಲೆಕ್ಕ ಮಾಡಿ, ಉತ್ತರವು ನೆಲೆಸಿದ್ದನ್ನು ತೋರಿಸಲಾಗಿದೆಯೇ? ತೀರ್ಪು ಬಿರುಕಿನ ತುದಿಯ ಗರಿಷ್ಠ ಪೀಡನದ ಮೇಲೆ ನಿಂತಿದೆಯೋ, ತೀವ್ರತಾಂಕದ ಮೇಲೆ ನಿಂತಿದೆಯೋ?

3. ಬಿರುಕು ಬೆಳೆಯುವುದನ್ನು ಹಿಂಬಾಲಿಸಿದ್ದರೆ ಯಾವ ವಿಧಾನದಿಂದ? ಆ ವಿಧಾನ ಈ ಭಾಗಕ್ಕೆ ಏಕೆ ಸೂಕ್ತ?

4. ವಸ್ತುವಿನ ಸಂಖ್ಯೆಗಳು ಎಲ್ಲಿಂದ ಬಂದವು? ನಮ್ಮದೇ ಎರಕದಿಂದ ಕತ್ತರಿಸಿದ ತುಂಡಿನ ಪರೀಕ್ಷೆಯಿಂದಲೋ, ಕೈಪಿಡಿಯಿಂದಲೋ?

5. ಭಾರದ ವಿವರಗಳನ್ನು ಕೊಟ್ಟವರು ಯಾರು? ಖರೀದಿದಾರರು ಲಿಖಿತವಾಗಿ ಕೊಟ್ಟಿದ್ದಾರೆಯೇ?

6. ಉತ್ತರ ಮೊದಲೇ ತಿಳಿದಿರುವ ಒಂದು ಸರಳ ಲೆಕ್ಕವನ್ನು ಇದೇ ತಂತ್ರಾಂಶದಲ್ಲಿ, ಇದೇ ಕ್ರಮದಲ್ಲಿ ಮಾಡಿ ತೋರಿಸಬಲ್ಲಿರಾ?

ಕೊನೆಯ ಪ್ರಶ್ನೆಯನ್ನು ಚಿನ್ನದ ಒರೆಗಲ್ಲಿನಂತೆ ಬಳಸಬಹುದು. ಬಹಳ ಅಗಲವಾದ ತಗಡಿನ ನಡುವೆ 10 ಮಿಲಿಮೀಟರ್ ಉದ್ದದ ಬಿರುಕಿದೆ, ಅದಕ್ಕೆ ಅಡ್ಡಲಾಗಿ 100 ಮೆಗಾಪಾಸ್ಕಲ್ ಎಳೆತವಿದೆ ಎಂದಿಟ್ಟುಕೊಳ್ಳಿ. ತೀವ್ರತಾಂಕವು ಎಳೆತವನ್ನು, ಬಿರುಕಿನ ಅರ್ಧ ಉದ್ದ ಮತ್ತು ಪೈ ಇವುಗಳ ಗುಣಲಬ್ಧದ ವರ್ಗಮೂಲದಿಂದ ಗುಣಿಸಿದಷ್ಟು. ಅರ್ಧ ಉದ್ದವನ್ನು ಮೀಟರಿನಲ್ಲಿ, ಅಂದರೆ 0.005 ಎಂದು, ತೆಗೆದುಕೊಂಡರೆ ಉತ್ತರ 12.5ರ ಆಸುಪಾಸಿನಲ್ಲಿ ಬರಬೇಕು. ಹತ್ತನೆಯ ತರಗತಿಯ ಗಣಿತದಿಂದ ಪರಿಶೀಲಿಸಬಹುದಾದ ಈ ಸಂಖ್ಯೆಯನ್ನು ಹೊರಡಿಸಲಾಗದವರು ನಮ್ಮ ವಾಲ್ವಿನ ಮೈಯೊಳಗಿನ ಬಿರುಕಿನ ಭವಿಷ್ಯ ಹೇಳುವುದಾದರೂ ಹೇಗೆ?

ಆಕ್ಷೇಪಗಳಿಗೆ ಉತ್ತರ

‘ಇದೆಲ್ಲ ವಿಮಾನ ಕಟ್ಟುವವರಿಗೆ, ನಮ್ಮಂತಹ ಸಣ್ಣವರಿಗೆ ಮೇಸ್ತ್ರಿಯ ಕಣ್ಣೇ ಸಾಕು’ ಎನ್ನುವವರಿದ್ದಾರೆ. ಅನುಭವಿ ಮೇಸ್ತ್ರಿಯ ಕಣ್ಣಿಗೆ ಬೆಲೆ ಕಟ್ಟಲಾಗದು. ಗುಳಿ ಎಲ್ಲಿ ಬೀಳುತ್ತದೆಂದು ಅವರಷ್ಟು ಚೆನ್ನಾಗಿ ಬಲ್ಲವರಿಲ್ಲ. ಆದರೆ ಆ ಗುಳಿ ಹತ್ತು ಲಕ್ಷ ಸಲ ಭಾರ ಬಿದ್ದ ಮೇಲೆ ಏನಾಗುತ್ತದೆಂಬುದನ್ನು ಕಣ್ಣು ಹೇಳಲಾರದು. ಮೇಸ್ತ್ರಿಯ ತಿಳಿವಳಿಕೆಯೇ ಲೆಕ್ಕದ ಮೊದಲ ಸಾಲಾಗಬೇಕು. ಇನ್ನೊಂದು ಲಾಭವನ್ನೂ ಗಮನಿಸಬೇಕು. ಸರಿಯಾದ ಲೆಕ್ಕವು ತಿರಸ್ಕಾರವನ್ನು ಕಡಿಮೆ ಮಾಡಬಲ್ಲದು. ಭಾರ ಬೀಳದ ಜಾಗದಲ್ಲಿರುವ ಸಣ್ಣ ಗುಳಿ ನಿರುಪದ್ರವಿಯೆಂದು ಸಾಧಾರವಾಗಿ ತೋರಿಸಿದರೆ, ಇಂದು ರಿಜೆಕ್ಷನ್ ಎಂದು ಕರಗಿಸಲು ಮರಳುವ ಎಷ್ಟೋ ಎರಕಗಳನ್ನು ಉಳಿಸಿಕೊಳ್ಳಲು ಖರೀದಿದಾರರೊಡನೆ ಮಾತಾಡಬಹುದು.

‘ಡ್ರಾಯಿಂಗ್ ಅವರದು, ಹೊಣೆಯೂ ಅವರದು’ ಎಂಬುದು ಇನ್ನೊಂದು ಮಾತು. ಈ ಮಾತಿಗೆ ಮೊದಲಿನ ಬಲವಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯವನ್ನು ಒಳಗೊಂಡಿದೆ. ಅದು 2020ರ ಜುಲೈ 20ರಿಂದ ಜಾರಿಯಲ್ಲಿದೆ. ಉತ್ಪನ್ನವನ್ನು ಮಾತ್ರವಲ್ಲದೆ ಅದರ ಭಾಗಗಳನ್ನು ತಯಾರಿಸುವವರನ್ನೂ ಅದು ತಯಾರಕರೆಂದೇ ಪರಿಗಣಿಸುತ್ತದೆ. ದೋಷಯುಕ್ತ ಉತ್ಪನ್ನದಿಂದ ಗ್ರಾಹಕನಿಗೆ ಹಾನಿಯಾದಾಗ ತಯಾರಿಕೆಯ ದೋಷ, ವಿನ್ಯಾಸದ ದೋಷ, ಕೊಟ್ಟ ಭರವಸೆಗೆ ಹೊಂದದಿರುವುದು ಇವೆಲ್ಲವೂ ಹೊಣೆಗೆ ಕಾರಣವಾಗಬಲ್ಲವು. ‘ಈ ಭಾಗ ಇಷ್ಟು ವರ್ಷ ಬಾಳುತ್ತದೆ’ ಎಂಬ ವರದಿಗೆ ನಮ್ಮ ಮೊಹರು ಹಾಕಿ ಕೊಡುವ ಮುನ್ನ ವಕೀಲರ ಸಲಹೆಯನ್ನೂ ಪಡೆಯುವುದು ಕ್ಷೇಮ. ಕಾಯ್ದೆಯ ಮಾತು ಹಾಗಿರಲಿ, ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬುದನ್ನು ವ್ಯಾಪಾರಿಗಳಿಗೆ ಹೇಳಬೇಕಾಗಿಲ್ಲ.

ಸಂಸ್ಥೆಯು ಮಾಡಬೇಕಾದುದು

ಪ್ರತಿಯೊಂದು ಸಣ್ಣ ಘಟಕವೂ ಸ್ವಂತ ತಂತ್ರಾಂಶ, ಸ್ವಂತ ಪ್ರಯೋಗಾಲಯ ಹೊಂದುವುದು ಅಸಾಧ್ಯ, ಅನಗತ್ಯವೂ ಹೌದು. ಬೆಳಗಾವಿ ಮತ್ತು ಶಿವಮೊಗ್ಗದ ಫೌಂಡ್ರಿಗಳು, ಹುಬ್ಬಳ್ಳಿಯ ವಾಲ್ವ್ ತಯಾರಕರು, ಪೀಣ್ಯದ ಯಂತ್ರಭಾಗಗಳ ಘಟಕಗಳು ಇವೆಲ್ಲ ಒಂದೇ ಬಗೆಯ ಪ್ರಶ್ನೆಗಳನ್ನು ಎದುರಿಸುತ್ತಿರುವಾಗ ಉತ್ತರವನ್ನೂ ಕೂಡಿ ಹುಡುಕುವುದು ಜಾಣತನ. ಕೇಂದ್ರ ಸರ್ಕಾರದ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಕ್ಲಸ್ಟರ್ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಪರೀಕ್ಷೆ ಹಾಗೂ ತರಬೇತಿಯಂತಹ ಸಾಮಾನ್ಯ ಸೌಲಭ್ಯ ಕೇಂದ್ರಗಳಿಗೆ ನೆರವು ಪಡೆಯುವ ಅವಕಾಶವಿದೆ.

ಇಲ್ಲೊಂದು ಎಚ್ಚರಿಕೆಯ ಮಾತು. ಇಂತಹ ಕೇಂದ್ರವೆಂದೊಡನೆ ಮೊದಲ ಹಣವು ದುಬಾರಿ ತಂತ್ರಾಂಶದ ಪರವಾನಗಿಗೂ ಹವಾನಿಯಂತ್ರಿತ ಕೊಠಡಿಗೂ ಹೋಗುವ ಸಂಭವವುಂಟು. ನನ್ನ ಅಭಿಪ್ರಾಯದಲ್ಲಿ ಕ್ರಮ ತಿರುಗುಮುರುಗಾಗಬೇಕು. ಮೊದಲ ಹಣ ನಮ್ಮ ಲೋಹಗಳ ಪರೀಕ್ಷೆಗೆ: ಸದಸ್ಯ ಘಟಕಗಳ ಎರಕ ಮತ್ತು ಬೆಸುಗೆಯ ತುಂಡುಗಳನ್ನು ಪರೀಕ್ಷಿಸಿ, ಘಟಕದ ಹೆಸರು ಹೊರಬೀಳದಂತೆ, ದರ್ಜೆವಾರು ಸಂಖ್ಯೆಗಳ ಕೋಶವೊಂದನ್ನು ಸಿದ್ಧಪಡಿಸಬೇಕು. ಎರಡನೆಯ ಹಣ ಮನುಷ್ಯರಿಗೆ: ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಫೈನೈಟ್ ಎಲಿಮೆಂಟ್ ವಿಧಾನವನ್ನು ಓದಿ ಹೊರಬರುವ ಯುವ ಇಂಜಿನಿಯರುಗಳನ್ನು ಆರಿಸಿ, ಫೌಂಡ್ರಿಯ ನೆಲದ ಮೇಲೆ ಕೆಲವು ತಿಂಗಳು ದುಡಿಸಿ, ಆನಂತರ ಗಣಕಯಂತ್ರದ ಮುಂದೆ ಕೂರಿಸಬೇಕು. ಮೂರನೆಯದು ತಂತ್ರಾಂಶ. ಅಲ್ಲಿಯೂ ಆರಂಭಕ್ಕೆ ಹೆಚ್ಚಿನ ವೆಚ್ಚ ಬೇಕಿಲ್ಲ. ಫ್ರಾನ್ಸಿನ ವಿದ್ಯುತ್ ಸಂಸ್ಥೆ ಇಡಿಎಫ್ ಬೆಳೆಸಿ ಮುಕ್ತವಾಗಿ ಬಿಟ್ಟಿರುವ ಕೋಡ್ ಆಸ್ಟರ್, ಜರ್ಮನಿಯ ಇಂಜಿನಿಯರುಗಳು ರೂಪಿಸಿದ ಕ್ಯಾಲ್ಕ್ಯುಲಿಕ್ಸ್ ಇವು ಪರವಾನಗಿ ಶುಲ್ಕವಿಲ್ಲದೆ ದೊರೆಯುತ್ತವೆ. ಇವುಗಳ ಮಿತಿ ತಲುಪಿದ ಮೇಲೆ ದೊಡ್ಡ ತಂತ್ರಾಂಶದ ಮಾತು.

ಖರೀದಿದಾರರೊಡನೆಯೂ ಸಂಸ್ಥೆಯು ಒಟ್ಟಾಗಿ ಮಾತಾಡಬೇಕು. ವರದಿ ಬೇಕೆನ್ನುವವರು ಭಾರದ ವಿವರವನ್ನು ಲಿಖಿತವಾಗಿ ಕೊಡಬೇಕು, ವರದಿಯ ವೆಚ್ಚವನ್ನು ದರದಲ್ಲಿ ಒಪ್ಪಬೇಕು. ಭಾರ ಹೇಳದೆ ಬಾಳಿಕೆ ಕೇಳುವುದು, ಬೆಲೆ ಹೆಚ್ಚಿಸದೆ ಹೊಣೆ ಹೆಚ್ಚಿಸುವುದು ನ್ಯಾಯವಲ್ಲ. ಒಂಟಿ ಘಟಕ ಈ ಮಾತನ್ನು ಆಡಿದರೆ ಆದೇಶ ಬೇರೆಯವರಿಗೆ ಹೋದೀತು. ಸಂಸ್ಥೆ ಆಡಿದರೆ ಕೇಳಲೇಬೇಕಾಗುತ್ತದೆ. ಒಂದು ಪುಟದ ಮಾದರಿ ಷರತ್ತುಪತ್ರವನ್ನು, ಮೇಲಿನ ಆರು ಪ್ರಶ್ನೆಗಳನ್ನು ಒಳಗೊಂಡಂತೆ, ಸದಸ್ಯರಿಗೆಲ್ಲ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಒದಗಿಸುವುದರಿಂದ ಈ ಕಾರ್ಯವನ್ನು ಆರಂಭಿಸಬಹುದು. ಅದಕ್ಕೆ ಸರ್ಕಾರದ ಅನುದಾನ ಬೇಕಿಲ್ಲ, ಒಂದು ಉಪಸಮಿತಿಯ ಎರಡು ಸಭೆ ಸಾಕು.

ನಾವು ಮಾರುವ ಪ್ರತಿ ಭಾಗದಲ್ಲಿಯೂ ಎಲ್ಲೋ ಒಂದು ಸಣ್ಣ ಬಿರುಕು ಇದ್ದೇ ಇರುತ್ತದೆ. ಅದನ್ನು ಖರೀದಿದಾರರು ಕಂಡು ಲೆಕ್ಕ ಕೇಳುವ ಮೊದಲು ನಾವೇ ಲೆಕ್ಕವಿಟ್ಟುಕೊಂಡಿದ್ದರೆ ವ್ಯವಹಾರದ ಮೇಜಿನಲ್ಲಿ ನಮ್ಮ ಸ್ಥಾನ ಬೇರೆಯಾಗುತ್ತದೆ. ಸಂಸ್ಥೆಯ ಪದಾಧಿಕಾರಿಗಳು ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ಎತ್ತಿಕೊಳ್ಳುವರೆಂದೂ, ಸದಸ್ಯ ಉದ್ಯಮಿಗಳು ತಮ್ಮ ಅಭಿಪ್ರಾಯಗಳನ್ನು ಲಿಖಿತವಾಗಿ ತಿಳಿಸುವರೆಂದೂ ಆಶಿಸುತ್ತೇನೆ.